ಔಷಧಿಯಲ್ಲದ ಮಾತ್ರೆ

ಮೂರನೇ ವಾರ್ಡ್, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೨, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಎದೆಯುರಿ ಕಡಿಮೆಯಾಯಿತಾ? ಸಂಜೆ ಕಾಲು ಊದುವುದು ನಿಂತಿತಾ, ಇಲ್ಲ ಇನ್ನೂ ದಿನವಿಡೀ ಹೊಲಿಗೆಗೆ ಬಟ್ಟೆ ಕತ್ತರಿಸುತ್ತ ನಿಂತೇ ಇರುತ್ತೀಯಾ? ನಾನು ಆಸ್ಪತ್ರೆಯಲ್ಲಿದ್ದೇನೆ, ಆದರೆ ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಅಳುತ್ತೀಯ, ಉಳಿದರ್ಧ ನಾನು ಅಳುತ್ತೇನೆ. ಅದಕ್ಕೇ ಮಾವನ ಕೈಯಲ್ಲಿ ಈ ಕಾಗದ. ತಪ್ಪಿದ್ದರೆ ಬೈಯಬೇಡ, ಐದನೇ ಕ್ಲಾಸಿಗೇ ಹಾಸ್ಟೆಲ್ಲಿಗೆ ಹಾಕಿದವಳು ನೀನು, ನನ್ನ ಕನ್ನಡ ಇಷ್ಟೇ.

ಒಂದು ತಿಂಗಳಿಂದ ಸುಸ್ತು, ಬೆಳಿಗ್ಗೆ ಎದ್ದರೆ ವಾಂತಿ. ರೂಮ್‌ಮೇಟ್ "ನಿಂಗೆ ಬುಕ್ ತೆಗೆದ್ರೇನೇ ವಾಂತಿ ಕಣೇ" ಎಂದು ನಗುತ್ತಿದ್ದಳು. ಪರೀಕ್ಷೆಯ ಭಯವೆಂದೇ ನಾನೂ ನಂಬಿದ್ದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನಾಲ್ಕು ದಾಟಿತ್ತು. ಒಂದರ ಆಸುಪಾಸು ಇರಬೇಕಂತೆ. ಕಿಡ್ನಿ ರಕ್ತವನ್ನು ಸರಿಯಾಗಿ ಸೋಸುತ್ತಿಲ್ಲ ಎಂದರ್ಥ. ಕಾಲೇಜು ಸೇರಿದ ಮೇಲೆ ಯಾವ ಪರೀಕ್ಷೆಯಲ್ಲೂ ನನಗೆ ಇಷ್ಟು ಜಾಸ್ತಿ ಬಂದಿರಲಿಲ್ಲ.

ಕಿಡ್ನಿ ಡಾಕ್ಟರು ಮೂರು ದಿನದಲ್ಲಿ ಮೂರು ಸಲ ಕೇಳಿದರು: "ಏನಾದ್ರೂ ಔಷಧಿ ತಗೋತಿದ್ಯಾ ಮರಿ? ನೋವಿನ ಮಾತ್ರೆ, ಪುಡಿ, ಏನೇ ಆಗ್ಲಿ?" ಮೂರು ಸಲವೂ ಇಲ್ಲ ಎಂದೆ. ಸುಳ್ಳು ಹೇಳಲಿಲ್ಲ ಅಮ್ಮಾ. ನಮ್ಮ ಮನೆಯಲ್ಲಿ ಔಷಧಿ ಎಂದರೆ ಡಾಕ್ಟರು ಚೀಟಿ ಬರೆದು ಕೊಟ್ಟದ್ದು. ನೀನು ಗುಂಡಿಯ ಡಬ್ಬಿಯಲ್ಲಿ ಹಾಕಿ ಕಳಿಸಿದ ಗ್ಯಾಸಿನ ಕ್ಯಾಪ್ಸೂಲು ಬಾಚಣಿಗೆ, ಸೋಪಿನ ಸಾಲಿಗೆ ಸೇರಿದ್ದು. ನಾಲ್ಕನೇ ದಿನ ಬೆಳಿಗ್ಗೆ ಬಿ.ಪಿ. ನೋಡಲು ಬಂದ ಸಿಸ್ಟರ್ ಎದುರಿಗೇ ಒಂದು ನುಂಗಿದೆ. "ಏನೇ ಅದು?" "ಗ್ಯಾಸಿಂದು ಸಿಸ್ಟರ್, ದಿನಕ್ಕೆರಡು, ಮೂರು ತಿಂಗಳಿಂದ." ಅವರು ಡಬ್ಬಿ ಸಮೇತ ಡಾಕ್ಟರ ಹತ್ತಿರ ಓಡಿದರು.

ಆಮೇಲೆ ಬಯಾಪ್ಸಿ. ಬೆನ್ನಿಗೆ ಸೂಜಿ ಹಾಕಿ ಕಿಡ್ನಿಯಿಂದ ದಾರದ ತುಂಡಿನಂಥ ಚೂರು ತೆಗೆದರು. ನೀನು ಗುಡಿಸಿ ಎಸೆಯುತ್ತೀಯಲ್ಲ, ಅಷ್ಟೇ ಗಾತ್ರ. ಒಳಗೆಲ್ಲ ಉರಿಯೂತವಿತ್ತು. "ಎಷ್ಟೋ ಜನ ತಗೋತಾರೆ, ಏನೂ ಆಗಲ್ಲ. ಅಪರೂಪಕ್ಕೆ ಒಬ್ಬರ ಕಿಡ್ನಿಗೆ ಒಗ್ಗಲ್ಲ" ಎಂದರು ಡಾಕ್ಟರು. ಆ ಕ್ಯಾಪ್ಸೂಲು ನಿಲ್ಲಿಸಿ, ಸ್ಟೀರಾಯ್ಡ್ ಶುರುಮಾಡಿದ್ದಾರೆ. ಕ್ರಿಯಾಟಿನಿನ್ ಈಗ ಎರಡಕ್ಕೆ ಇಳಿದಿದೆ, ಸ್ಟೀರಾಯ್ಡಿನಿಂದ ಮುಖ ಮಾತ್ರ ಊದಿ ದಿಂಬಾಗಿದೆ. ಡಬ್ಬಿ ಕೊಟ್ಟವಳು ನಾನೇ ಎಂದು ಕೊರಗಬೇಡ. ಮುಗಿದಾಗಲೆಲ್ಲ ಕಾಲೇಜಿನೆದುರಿನ ಅಂಗಡಿಯಲ್ಲಿ ಕೊಂಡು ತುಂಬಿಸಿದ್ದು ನಾನು.

ಅಜ್ಜಿಗೆ ನಮಸ್ಕಾರ. ತಮ್ಮನಿಗೆ ನನ್ನ ಸೈಕಲ್ ಮುಟ್ಟಿದರೆ ಜೋಕೆ ಎಂದು ಹೇಳು.

ನಿನ್ನ
ಗುಬ್ಬಿ

ಮ.ವಿ.: ಮಾವ ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ, ಬೇಗ ಬರೆಯುತ್ತೇನೆ. ಭಯವಾಗಿ ಇದನ್ನು ಕೊನೆಗಿಟ್ಟೆ. ನೀನೂ ಎರಡು ವರ್ಷದಿಂದ ಇದನ್ನೇ ನುಂಗುತ್ತಿದ್ದೀಯ, ಕಾಲು ಬೇರೆ ಊದುತ್ತಿದೆ. ಏನೂ ಆಗಿರಲಿಕ್ಕಿಲ್ಲ. ಆದರೂ ನಾಳೆಯೇ ರಕ್ತ, ಮೂತ್ರ ಪರೀಕ್ಷೆ ಆಗಲಿ ಎಂದರು ಡಾಕ್ಟರು. ಮಾವ ನಿನ್ನನ್ನು ಕರೆದುಕೊಂಡು ಹೋಗದೆ ಬಾಗಿಲು ಬಿಟ್ಟು ಏಳುವುದಿಲ್ಲ. ಅಲ್ಲಿ ಯಾವ ಔಷಧಿ ತಗೋತೀರಿ ಎಂದು ಕೇಳುತ್ತಾರೆ, ನೀನು ಏನೂ ಇಲ್ಲ ಎನ್ನುತ್ತೀಯ. ಅದಕ್ಕೇ ನೀನು ಕಳಿಸಿದ ಕ್ಯಾಪ್ಸೂಲಿನ ಮೊದಲ ಪಟ್ಟಿಯನ್ನು, ಖಾಲಿಯದ್ದನ್ನು, ಈ ಕವರಿನಲ್ಲಿಟ್ಟಿದ್ದೇನೆ. ಹಿಂಬದಿಗೆ ನಿನ್ನದೇ ಅಕ್ಷರದಲ್ಲಿ "ಉರಿ ಬಂದರೆ ಮಾತ್ರ" ಎಂದಿದೆ. ನಾವಿಬ್ಬರೂ ಹಾಗೆ ನಡೆಯಲಿಲ್ಲ. ಬಾಯಿ ತೆರೆಯುವ ಮೊದಲು ಅದನ್ನು ಡಾಕ್ಟರ ಮೇಜಿನ ಮೇಲಿಡು.