ಬಹುಮತವಿಲ್ಲದ ಅಧ್ಯಕ್ಷೆ

ಸೆಪ್ಟೆಂಬರ್ 2, ಮಂಗಳವಾರ. ಯುಟ್ರೆಕ್ಟ್ ರೈಲಿನಲ್ಲಿ

ಬೆಳಿಗ್ಗೆ ಏಳೂವರೆಗೇ ಶ್ರೀಪಾದರ ಮೆಸೇಜ್. 'ಅಧ್ಯಕ್ಷರ ಪ್ರಸ್ತಾಪ ತಿರಸ್ಕೃತ. 5–2.' ಮತ್ತೆ! ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ನಮ್ಮ ಕನ್ನಡ ಬಳಗಕ್ಕೆ ನಾನು ಅಧ್ಯಕ್ಷೆ. ಸದಸ್ಯರೇ ಓಟು ಹಾಕಿ ಆರಿಸಿದ್ದು. ಅದೇ ಸದಸ್ಯರು, ಅದೇ ದಿನ, ಸಮಿತಿಯ ಏಳು ಸೀಟಿನಲ್ಲಿ ಐದನ್ನು ನನ್ನ ಎದುರಾಳಿ ಶ್ರೀಪಾದರ ಪ್ಯಾನೆಲ್‌ಗೆ ಕೊಟ್ಟರು. ಏನು ಜನವೋ!

ಕೇಳಿದ್ದು ಇಷ್ಟೇ — ಶನಿವಾರದ ಮಕ್ಕಳ ಕನ್ನಡ ಕ್ಲಾಸಿಗೆ ಹಾಲ್ ಮುಂದುವರಿಸಿ ಅಂತ. ಅವರಿಗೆ ಅದೇ ಹೊತ್ತಿಗೆ ದೀಪಾವಳಿ ಡಾನ್ಸ್ ರಿಹರ್ಸಲ್ ಆಗಬೇಕಂತೆ. ಹದಿನಾಲ್ಕು ಮಕ್ಕಳು, ಶ್ರೀಪಾದರ ಸ್ವಂತ ಮಗಳೂ ಅದರಲ್ಲಿ ಒಬ್ಬಳು. ನನ್ನ ಮಗಳು ಹಿತಾ ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಾಳೆ. ಕ್ಲಾಸ್ ನಿಂತರೆ ಮುಗಿಯಿತು, ಆಮೇಲೆ ಅವಳ ಬಾಯಲ್ಲಿ ಬರೀ ಡಚ್ಚೇ.

ಸೆಪ್ಟೆಂಬರ್ 5

ಗಂಡ ಯತಿರಾಜ್‌ಗೆ ಎಲ್ಲ ತಮಾಷೆ. "ಅಮೆರಿಕದ ಅಧ್ಯಕ್ಷರಿಗೂ ಇದೇ ಗೋಳು ಕಣೇ. ಅಲ್ಲಿನ ಪಾರ್ಲಿಮೆಂಟು, ಆ ಕಾಂಗ್ರೆಸ್ಸು, ಎದುರು ಪಾರ್ಟಿ ಕೈಲಿದ್ರೆ ಒಂದೋ ವೀಟೋ, ಒಂದೋ ಸ್ವಂತ ಆರ್ಡರ್, ಇಲ್ಲಾಂದ್ರೆ ಕೂತು ಮಾತಾಡೋದು."

ಮಾತಾಡುವುದಾ? ಆ ಮನುಷ್ಯನ ಜೊತೆ? ವೀಟೋ ಮಾಡಿದೆ. ಕಾರ್ಯಕ್ರಮದ ಪಟ್ಟಿಗೆ ಅಧ್ಯಕ್ಷರ ಸಹಿ ಬೇಕು ಅಂತ ಬೈಲಾದಲ್ಲಿದೆ. ಹಾಕಲಿಲ್ಲ. ದೀಪಾವಳಿ ಅಲ್ಲಿಗೇ ನಿಂತಿತು. ಗ್ರೂಪಿನಲ್ಲಿ ನಲವತ್ತೊಂದು ಮೆಸೇಜ್, ಎಲ್ಲ ನನ್ನ ಮೇಲೇ.

ಸೆಪ್ಟೆಂಬರ್ 12

ತಡೆಯಲಾಗಲಿಲ್ಲ. ಸಮಿತಿಯನ್ನು ಕೇಳದೆ ಹಾಲ್‌ನವರಿಗೆ ನಾನೇ ಮೇಲ್ ಮಾಡಿದೆ — ಶನಿವಾರ ನಮಗೇ, ಮಕ್ಕಳ ಕ್ಲಾಸಿಗೆ. ಕೆಳಗೆ 'ಚಂದ್ರಪ್ರಭಾ, ಅಧ್ಯಕ್ಷೆ' ಅಂತ ದಪ್ಪಕ್ಷರದಲ್ಲಿ. ಹಾಯೆನಿಸಿತು.

ಸೆಪ್ಟೆಂಬರ್ 16

ಥೂ! ಶ್ರೀಪಾದರೂ ಮೇಲ್ ಮಾಡಿದ್ದರಂತೆ — ಶನಿವಾರ ನಮಗೇ, ರಿಹರ್ಸಲ್‌ಗೆ. ಹಾಲ್‌ನವರ ಉತ್ತರ ಎರಡೇ ಸಾಲು, ಬಲು ವಿನಯದ ಡಚ್ಚಿನಲ್ಲಿ: ನಿಮ್ಮೊಳಗೆ ಒಮ್ಮತ ಕಾಣದ ಕಾರಣ ಆ ಸಮಯವನ್ನು ಬ್ರಿಜ್ ಕ್ಲಬ್ಬಿಗೆ ಕೊಟ್ಟಿದ್ದೇವೆ. ಇಸ್ಪೀಟಿಗೆ! ನಾವಿಬ್ಬರೂ ಜಗಳಾಡಿ ಇಸ್ಪೀಟಿಗೆ ಬಿಟ್ಟುಕೊಟ್ಟೆವು.

ಹಿತಾ ಕೇಳಿದಳು, "ಖೇನ್ ಲೆಸ್ ಮೇರ್, ಅಮ್ಮಾ?" ಇನ್ನು ಪಾಠ ಇಲ್ಲವಾ ಅಂತ. ಬೆನ್ನು ತಿರುಗಿಸಿ ಪಾತ್ರೆ ತೊಳೆದೆ. ತಪ್ಪು ನನ್ನದೂ ಇದೆ. ನಾಚಿಕೆಯಾಯಿತು.

ಸೆಪ್ಟೆಂಬರ್ 27, ಶನಿವಾರ, 10 ಗಂಟೆ

ಸೋಫಾವನ್ನು ಬೆಡ್‌ರೂಮಿಗೆ ತಳ್ಳಿ ನಮ್ಮ ಮನೆಯಲ್ಲೇ ಕ್ಲಾಸ್. ಹದಿಮೂರು ಮಕ್ಕಳು. ಬಾರದವಳು ಶ್ರೀಪಾದರ ಮಗಳೊಬ್ಬಳೇ. ದೀಪಾವಳಿ ಪಟ್ಟಿಗೆ ನಿನ್ನೆಯೇ ಸಹಿ ಹಾಕಿ ಅವರಿಗೆ ಕಳಿಸಿದೆ. ಉತ್ತರವಿಲ್ಲ. ಇರಲಿ ಬಿಡು.

10.20

ಬೆಲ್. ಶ್ರೀಪಾದ! ಒಂದು ಕೈಯಲ್ಲಿ ಮಗಳ ಕೈ, ಕಂಕುಳಲ್ಲಿ ವೈಟ್‌ಬೋರ್ಡ್. ಬಾಗಿಲಲ್ಲೇ ನಿಂತು, "ಇದಕ್ಕ ಸಮಿತಿ ಪರ್ಮಿಷನ್ ತಗೊಂಡೀರೇನ್ರಿ?"

"ಇಲ್ಲ."

"ಛಲೋ ಆತು. ಕೇಳಿದ್ರ ನಾವು ಬ್ಯಾಡ ಅಂತಿದ್ವಿ." ಶೂ ಬಿಚ್ಚಿದರು. "ಬೋರ್ಡ್ ಎಲ್ಲಿ ಹಾಕೂಣ್ರಿ?"

ಅಳು ಬಂದುಬಿಟ್ಟಿತು... ಎಡಗಡೆ ಗೋಡೆಗೆ ಅಂದೆ. ಬಲಗಡೆ ಬೆಳಕು ಚೆನ್ನಾಗಿದೆ ಅಂದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಅಡುಗೆಮನೆಗೆ ಬಂದು ಚಹಾಕ್ಕಿಟ್ಟು ಇದನ್ನು ಗೀಚುತ್ತಿದ್ದೇನೆ. ಹೊರಗೆ ಹಿತಾ ಮಕ್ಕಳ ಕೈ ಎತ್ತಿಸಿ ಓಟು ಹಾಕಿಸುತ್ತಿದ್ದಾಳೆ. ಅಚ್ಚ ಕನ್ನಡದಲ್ಲಿ ಎಣಿಸುತ್ತಿದ್ದಾಳೆ. ಎಡಕ್ಕೆ ಏಳು. ಬಲಕ್ಕೆ ಐದು, ಆರು...