ಹಳದಿ ಹೂವಿನ ಮುಳ್ಳುಗಿಡ

ಸಿಂದಗಿ
ಸೋಮವಾರ, 19 ಮೇ 2025

ತಮ್ಮ ಅಕ್ರಮನಿಗೆ ಅಕ್ಕನ ಪ್ರೀತಿಯ ಸಲಾಮು.

ಏಪ್ರಿಲ್ ಎರಡನೆಯ ತಾರೀಖು, ಈದ್‌ನ ಮೂರನೆಯ ದಿನ, ಆಲಮೇಲದ ನಮ್ಮ ಹೊಲದ ಬದುವಿನಲ್ಲಿ ನಿಂತು ನೀನು ಫೋನಿಗೆ ಮುಖ ಕೊಟ್ಟು ಹೇಳಿದ ತಪ್ಪು ಮಾತಿನಿಂದ ಅಮ್ಮ ಸಾಯುವ ಹಾಗಾಗಿದ್ದಾಳೆ. ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಕಾಗದ ಮಡಚಿಡುತ್ತೀ. ವಾಸ್ಕೋದಲ್ಲಿ ಹೇಗಿದ್ದೀ? ಲಾರಿ ಓಡಿಸಿ ಬೆನ್ನು ನೋಯುತ್ತದೆ ಅನ್ನುತ್ತಿದ್ದೆಯಲ್ಲ, ಕಡಿಮೆಯಾಯಿತೇ? ಗುಲನಾಜ, ಮಗು ಆರಾಮಿದ್ದಾರೆಯೇ? ನನ್ನ ನಂಬರು ಬ್ಲಾಕ್ ಮಾಡಿದ್ದೀ. ಪಕ್ಕದ ಮನೆಯ ನಬಿಲಾಲನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದೊಡನೆ ನೀನು ಫೋನು ಇಟ್ಟೆ. ಇಪ್ಪತ್ತೇಳು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳಿಗೆ ಈಗ ಉಳಿದದ್ದು ಅಂಚೆ ಒಂದೇ.

ಆ ದಿನ ನಾನೂ ಪಕ್ಕದಲ್ಲೇ ಇದ್ದೆ. ಮಿಲ್ಕ್ ಥಿಸಲ್ ಎಂಬ ಗಿಡ ಹೃದಯಕ್ಕೆ ಒಳ್ಳೆಯದೆಂದು ನೀನು ಎಲ್ಲೋ ಓದಿದ್ದೆ. ಫೋನಿನಲ್ಲಿ ಅದರ ಚಿತ್ರವಿತ್ತು: ಮುಳ್ಳಿನ ಎಲೆ, ಎಲೆಯ ನರದುದ್ದಕ್ಕೂ ಬಿಳಿ ಗೆರೆ. ಬದುವಿನಲ್ಲಿದ್ದ ಹಳದಿ ಹೂವಿನ ದತ್ತೂರಿ ಗಿಡಕ್ಕೂ ಮುಳ್ಳು, ಅದಕ್ಕೂ ಬಿಳಿ ಗೆರೆ. ಎರಡೂ ಒಂದೇ ಎಂದು ನೀನು ತೀರ್ಮಾನಿಸಿಬಿಟ್ಟೆ. ಚಿತ್ರದ ಹೂವು ನೇರಳೆ, ಇದು ಹಳದಿ ಎಂದು ನಾನು ಹೇಳಿದರೆ, "ಆಪಾ, ಊರ ಬದಲಾದ್ರ ಬಣ್ಣಾ ಬದಲಾಗ್ತೈತಿ. ನಿನ್ನ ಕೆಂಪು ಪೆನ್ನು ಸಾಲ್ಯಾಗ ಇಟ್ಟ ಬಾ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದನ್ನು ಮರೆಯಲಾರೆ. "ಹಾರ್ಟಿನ ಗುಳಿಗಿ ನುಂಗಿ ಬ್ಯಾಸತ್ತೀರೇನ್ರಿ? ಔಷಧಾ ನಿಮ್ಮ ಬದುವಿನಾಗ ಐತಿ" ಎಂಬ ನಿನ್ನ ವಿಡಿಯೋ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಕಡೆ ಸುತ್ತಿತು. ನಲವತ್ತು ಸಾವಿರ ಜನ ನೋಡಿದರು. ಅದರ ಕೆಳಗೆ 'ಇದು ಆ ಗಿಡವಲ್ಲ' ಎಂದು ನಾನು ಬರೆದದ್ದನ್ನು ನೀನು ಅಳಿಸಿದೆ.

ಅಮ್ಮನಿಗೆ ಸ್ಟೆಂಟ್ ಹಾಕಿಸಿ ಎರಡು ವರ್ಷವಾಯಿತು. ನಿನ್ನ ಮಾತು ಕೇಳಿ ಮುಂಜಾನೆಯ ಗುಳಿಗೆ ಬಿಟ್ಟಳು, ದತ್ತೂರಿ ಬೀಜದ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದಳು. ಮೂರನೆಯ ವಾರಕ್ಕೆ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಆಮೇಲೆ ಮಲಗಿದರೆ ಉಸಿರು ಸಿಗದೆ ಗೋಡೆಗೊರಗಿ ಕೂತೇ ಇರುವಳು. ಏನು ತಿನ್ನುತ್ತೀರಿ ಎಂದು ಡಾಕ್ಟರು ಮೂರು ಸಲ ಕೇಳಿದರೂ "ರೊಟ್ಟಿ, ಪಲ್ಯಾ, ಮತ್ತೇನ್ರಿ" ಎಂದಳೇ ಹೊರತು ನಿನ್ನ ಹೆಸರು ಎತ್ತಲಿಲ್ಲ. ಆ ಪುಡಿಯ ಡಬ್ಬಿ ಹುಡುಕಿ ಒಯ್ದು ತೋರಿಸಿದವಳು ನಾನು. ವಿಜಯಪುರದ ಆಸ್ಪತ್ರೆಯಲ್ಲಿ ಆರು ದಿನ ಇದ್ದಳು, ಅದರಲ್ಲಿ ಎರಡು ದಿನ ಆಮ್ಲಜನಕದ ಮೇಲೆ. ಅಲ್ಲಿಂದಲೇ ಮಾಸ್ಕ್ ಸರಿಸಿ ನಿನಗೆ ಫೋನಿನಲ್ಲಿ "ಆರಾಮ ಅದೇನಿ ಬೇಟಾ, ಬಿಸಲಿಗೆ ಸ್ವಲ್ಪ ದನಿ ಬಿದ್ದೈತಿ" ಎಂದಳು. ನೀನು ನಂಬಿದೆ.

ನಾನು ಓದಿದ್ದನ್ನೂ ಕೇಳು. ಮಿಲ್ಕ್ ಥಿಸಲ್ ನಮ್ಮ ಕುಸುಬಿಯ ಬಳಗದ್ದು, ದತ್ತೂರಿಯದ್ದಲ್ಲ. ಅದನ್ನು ಹೆಚ್ಚಾಗಿ ಯಕೃತ್ತಿಗೆಂದು ಬಳಸುತ್ತಾರೆ. ಹೃದಯಕ್ಕೂ ಅನುಕೂಲವಾಗಬಹುದು ಎನ್ನುವ ಅಧ್ಯಯನಗಳಿವೆ, ಆದರೆ ಬಹುಪಾಲು ಇಲಿಗಳ ಮೇಲೆ ನಡೆದವು. ಮನುಷ್ಯರ ಮಟ್ಟಿಗೆ ಇನ್ನೂ ಖಚಿತವಿಲ್ಲ. ನಿಜವಾದ ಗಿಡವೇ ಸಿಕ್ಕಿದ್ದರೂ ಅದು ಗುಳಿಗೆಯ ಬದಲಿಗೆ ಆಗುವಂಥದ್ದಲ್ಲ. ದತ್ತೂರಿಯ ಕಥೆಯೇ ಬೇರೆ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಇದೇ ಬೀಜದ ಎಣ್ಣೆ ಬೆರೆತು, ಜನರ ಕಾಲು ಊದಿ, ಹೃದಯ ಸೋತು ಎಷ್ಟೋ ಮಂದಿ ಸತ್ತರು. ನಾನಾಗ ಬಾಗೇವಾಡಿಯಲ್ಲಿ ಹೊಸ ಟೀಚರು, ಆ ಸುದ್ದಿಯನ್ನು ಪತ್ರಿಕೆಯಿಂದ ತರಗತಿಯಲ್ಲಿ ಓದಿ ಹೇಳಿದ್ದೆ. ನಮ್ಮ ಆಡುಗಳೂ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ, ನೀನೇ ಮೇಯಿಸಿದವನು. ಇಷ್ಟನ್ನೂ ಅಮ್ಮನಿಗೆ ಬಿಡಿಸಿ ಹೇಳಿದೆ. "ನೀ ಪೇಪರ ಓದಿ ಓದಿ ಎಲ್ಲಾದ್ರಾಗೂ ತಪ್ಪ ಹುಡಕ್ತಿ. ನನ್ನ ಮಗಾ ನನಗ ವಿಷಾ ಕೊಡ್ತಾನೇನು?" ಎಂದು ಮುಖ ತಿರುಗಿಸಿದಳು.

ನೀನು ಬೇಕೆಂದು ಮಾಡಿದ್ದಲ್ಲ, ಗೊತ್ತು. ಅಮ್ಮ ಬದುಕಲಿ ಎಂದೇ ಹುಡುಕಿದೆ. ನಿನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೊಳ್ಳುತ್ತೇನೆ, ಈಗ ಪುರುಸೊತ್ತಿಲ್ಲ. ಗುಲನಾಜಳಿಗೆ ಸಲಾಮು ಹೇಳು, ಮಗುವಿಗೆ ಮುತ್ತು. ಅಲ್ಲಾಹ ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ಶಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹಾಸಿಗೆ ಕೊಡವಲು ಹೋದರೆ ಅಮ್ಮನ ತಲೆದಿಂಬಿನ ಚೀಲದೊಳಗೆ ಮತ್ತೆ ಆ ಪುಡಿ ಸಿಕ್ಕಿತು. ಆಸ್ಪತ್ರೆಯಿಂದ ಬಂದ ಮೇಲೂ ಕುಡಿಯುತ್ತಿದ್ದಾಳೆ. ಕಸಿದುಕೊಂಡರೆ, "ರಸ್ತೆ ಬದೀಗಿ ಬೇಕಾದಷ್ಟೈತಿ, ಎಷ್ಟ ಕಸ್ಕೋತಿ? ಅಂವ ಅಷ್ಟ ಮಂದಿ ಮುಂದ ಹೇಳ್ಯಾನ. ತಪ್ಪಿದ್ರ ಅಷ್ಟೂ ಮಂದಿ ಮುಂದ ತಪ್ಪಾತು ಅನ್ಲಿ, ಅವತ್ತ ಬಿಡ್ತೇನಿ. ಬರೇ ನನ್ನ ಕಿವ್ಯಾಗ ಹೇಳಿದ್ರ ನೀ ಅಂಜಿಸಿ ಹೇಳಿಸೀದಿ ಅಂತ ತಿಳೀತೇನಿ" ಎನ್ನುತ್ತಾಳೆ. ಹೃದಯ ಇನ್ನೊಮ್ಮೆ ಹೀಗೆ ಸೋತರೆ ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದಾರೆ. ಮೊನ್ನೆ ತಂಗಡಗಿಯಿಂದ ಒಬ್ಬ ಹೆಣ್ಣುಮಗಳು ಗಂಡನಿಗೆ ಎಷ್ಟು ಚಮಚ ಕೊಡಬೇಕೆಂದು ವಿಡಿಯೋದ ಕೆಳಗೆ ಕೇಳಿದ್ದಾಳೆ. ವಿಡಿಯೋ ಅಳಿಸಿ ಸುಮ್ಮನಾಗಬೇಡ, ಅದರಿಂದ ಕುಡಿಯುತ್ತಿರುವವರಿಗೆ ಏನೂ ತಿಳಿಯುವುದಿಲ್ಲ. ಈ ಕಾಗದ ಕೈಸೇರಿದ ದಿನವೇ ಮುಖ ತೋರಿಸಿ, ಹೆಸರು ಹೇಳಿ, 'ಆ ಗಿಡ ವಿಷ, ನಾನು ತಪ್ಪು ಹೇಳಿದೆ, ಗುಳಿಗೆ ಬಿಡಬೇಡಿ' ಎಂದು ಆ ನಲವತ್ತು ಸಾವಿರ ಜನರೆದುರು ಹೇಳು. ಹೇಳುತ್ತೀಯೋ ಇಲ್ಲವೋ? ಉತ್ತರ ನನಗೆ ಬರೆಯಬೇಡ, ಅವರಿಗೆ ಕೊಡು.