ಕೇಳದೆ ಬರೆದ ‘ಇಲ್ಲ’

ಮಾರ್ಚ್ ೧೧, ಮಂಗಳವಾರ

ಊಟ ಸೇರಲಿಲ್ಲ. ಆ ಹಳೆಯ ಕಾರ್ಡು ಕಣ್ಣ ಮುಂದಿನಿಂದ ಸರಿಯುತ್ತಲೇ ಇಲ್ಲ.

ಇವತ್ತು ಮಕ್ಕಳ ಡಾಕ್ಟರ ಕೋಣೆಯಲ್ಲಿ ನನ್ನ ಡ್ಯೂಟಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಆರು ವರ್ಷದ ಮಗಳನ್ನು ಕರೆತಂದಿದ್ದಳು. ಮಗುವಿಗೆ ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ. ಕಲಿಸಿದ್ದು ಮರುದಿನ ನೆನಪಿರುವುದಿಲ್ಲ. ಡಾಕ್ಟರು ಮಗುವಿನ ಮುಖವನ್ನೇ ತುಂಬಾ ಹೊತ್ತು ನೋಡಿ, “ಬಸುರಿಯಾಗಿದ್ದಾಗ ಕುಡೀತಿದ್ರಾ?” ಎಂದು ಮೆಲ್ಲಗೆ ಕೇಳಿದರು.

“ರಾತ್ರಿ ಎರಡು ಗ್ಲಾಸ್ ವೈನ್, ಸರ್. ನಿದ್ದೆ ಬರ್ತಿರ್ಲಿಲ್ಲ. ಮಗೂಗೆ ತೊಂದ್ರೆ ಆಗುತ್ತೆ ಅಂತ ಯಾರೂ ಹೇಳ್ಲಿಲ್ಲ. ಗೊತ್ತಿದ್ರೆ ಮುಟ್ತಿದ್ನಾ?”

“ಅದ್ರಿಂದ್ಲೇ ಆಗಿರಬಹುದಮ್ಮ,” ಎಂದು ಡಾಕ್ಟರು ಅವಳ ಫೈಲಿನಿಂದ ಬಸಿರಿನ ಕಾಲದ ಕಾರ್ಡು ತೆಗೆದರು. ‘ಮದ್ಯಪಾನ’ ಎಂಬಲ್ಲಿ ‘ಇಲ್ಲ’ ಎಂದಿತ್ತು. ಅಕ್ಷರ ನನ್ನದು. ಆಗ ನಾನು ಇದೇ ಆಸ್ಪತ್ರೆಯ ಹೆರಿಗೆ ವಿಭಾಗದ ನರ್ಸ್. ಮರ್ಯಾದಸ್ಥ ಹೆಂಗಸರನ್ನು ಇದೆಲ್ಲ ಹೇಗೆ ಕೇಳುವುದೆಂಬ ಸಂಕೋಚಕ್ಕೆ ಎಲ್ಲರಿಗೂ ನಾನೇ ‘ಇಲ್ಲ’ ಬರೆದುಬಿಡುತ್ತಿದ್ದೆ.

ಆಮೇಲೆ ಹೊರಗಿನ ಬೆಂಚಿನಲ್ಲಿ ಕೂತಿದ್ದ ಅವಳ ಬಳಿ ಹೋಗಿ ಹೇಳಿದೆ. “ಕುಡೀತೀರಾ ಅಂತ ಕೇಳಿ, ಬೇಡ ಅಂತ ಹೇಳ್ಬೇಕಾಗಿದ್ದವಳು ನಾನೇ. ಕೇಳ್ಲೇ ಇಲ್ಲ.”

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಗಳ ಶೂ ಕಟ್ಟಿ ಮುಗಿಸಿದಳು. ಫೋನ್ ತೆಗೆದು ಒಂದು ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು.

“ನನ್ನ ತಂಗಿಗೆ ಈಗ ಮೂರು ತಿಂಗಳು, ಸಿಸ್ಟರ್. ನೀವೇ ಹೇಳಿ. ನನ್ನ ಬಾಯಲ್ಲಿ ಬರಲ್ಲ.”

ಹೇಳಿದೆ. ಒಂದು ಹನಿಯೂ ಬೇಡಮ್ಮ, ಮಗುವಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ ಎಂದೆ. ಆ ಕಡೆಯಿಂದ ತಂಗಿ, “ಅಯ್ಯೋ ಹೌದಾ? ನಂಗೊತ್ತೇ ಇರ್ಲಿಲ್ಲ. ಇನ್ಮೇಲೆ ಖಂಡಿತ ಇಲ್ಲ,” ಎಂದಳು. ಪಕ್ಕದಲ್ಲಿ ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

ಇಷ್ಟು ಹೇಳಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.